ಇತುರಾಲ್ದೆ ಎಂದರೆ ಯಾರು?

ಸಗಸ್ತಿ ಮನೆ, ಉರ್ಕಿಬಾರ್
18 ಅಕ್ಟೋಬರ್ 1964

ಪ್ರೀತಿಯ ಬಿಟೋರಣ್ಣಾ,

ನಿನ್ನ ಕೈ ಹೇಗಿದೆ? ಕಬ್ಬಿನ ಗರಿ ಕೊಯ್ದ ಗಾಯ ಕೀವುಗಟ್ಟಿದೆ ಎಂದು ಬರೆದಿದ್ದೆ. ಆಸ್ಟ್ರೇಲಿಯಾದ ಸೆಕೆಗೆ ಗಾಯ ಬೇಗ ಮಾಯುವುದಿಲ್ಲವಂತೆ. ಉಪ್ಪುನೀರಲ್ಲಿ ತೊಳೆದು ಒಣಬಟ್ಟೆ ಕಟ್ಟಿಕೋ, ಹಟಕ್ಕೆ ಬಿದ್ದು ಮರುದಿನವೇ ಕತ್ತಿ ಹಿಡಿಯಬೇಡ. ಅಜ್ಜ ಹೋದ ತಂತಿ ನಿನಗೆ ಸಿಕ್ಕಿರಬೇಕು. ಅಜ್ಜಿ ಗಟ್ಟಿಯಾಗಿದ್ದಾಳೆ, ಹಸುಗಳನ್ನು ತಾನೇ ಕರೆಯುತ್ತಾಳೆ. ಈ ಪತ್ರವನ್ನು ಗಡಿಯಾಚೆ ಫ್ರಾನ್ಸಿನಲ್ಲಿ ಅಂಚೆಗೆ ಹಾಕಿಸುತ್ತೇನೆ. ಸ್ಪೇನಿನ ಪೊಲೀಸರು ಒಡೆದು ಓದುವ ಭಯವಿಲ್ಲದ್ದರಿಂದ ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ.

ನೀನು ಕಬ್ಬು ಕಡಿದ ದುಡ್ಡಿನಲ್ಲಿ ಕೊಂಡ ಪಕ್ಕದ ಇತುರಾಲ್ದೆ ಮನೆಯಿಂದ ಬಾಡಿಗೆಯವರನ್ನು ಸಂತ ಮಾರ್ಟಿನನ ಹಬ್ಬಕ್ಕೆ ಬಿಡಿಸು ಎಂದಿದ್ದೆ. ಇತುರಾಲ್ದೆಯಲ್ಲಿ ಇತುರಾಲ್ದೆ ಅಡ್ಡಹೆಸರಿನ ನಮ್ಮವರೇ ಇರಬೇಕು ಎಂಬುದು ನಿನ್ನ ಮಾತು. ನಾನೂ ಹೂಂ ಅಂದಿದ್ದೆ, ಏಕೆಂದರೆ ಸ್ಪೇನಿನಿಂದ ಬಿಡುಗಡೆ ಬೇಕೆನ್ನುವ, ನಾವು ಕದ್ದು ಓದುವ ಕರಪತ್ರಗಳೂ ಅದನ್ನೇ ಹೇಳುತ್ತವೆ: ಮುತ್ತಜ್ಜ ಮುತ್ತಜ್ಜಿಯರೆಂಟು ಜನರ ಎಂಟು ಅಡ್ಡಹೆಸರೂ ನಮ್ಮ ಬಾಸ್ಕ್ ಭಾಷೆಯವೇ ಆಗಿದ್ದರೆ ಮಾತ್ರ ಅವನು ಈ ನೆಲದವನು. ನಮಗೆ ಎಂಟಕ್ಕೆ ಎಂಟೂ ಇವೆ. ಸ್ಪೇನಿನ ಆ ಮೂಲೆಯ ಎಸ್ತ್ರೆಮದುರದಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು, ಕಾಗದದ ಗಿರಣಿಯಲ್ಲಿ ದುಡಿಯುತ್ತ ಆ ಮನೆಯಲ್ಲಿರುವ ದೆಮೆತ್ರಿಯೊಗೆ ಒಂದೂ ಇಲ್ಲ.

ಆದರೆ ಅಜ್ಜನನ್ನು ಒಯ್ಯುವ ದಿನ ಏನಾಯಿತು ಕೇಳು. ಮೊದಲ ನೆರೆಮನೆಯವನೇ ಶಿಲುಬೆ ಹಿಡಿದು ಶವದ ಮುಂದೆ ನಡೆಯಬೇಕಲ್ಲ, ನಮಗೆ ಆ ನೆರೆಮನೆ ಇತುರಾಲ್ದೆ. ಸ್ಪೇನಿನವನ ಕೈಗೆ ಅಜ್ಜನ ಶಿಲುಬೆ ಬೇಡವೆಂದು ನಾನು ಅದನ್ನು ಚಿಕ್ಕಪ್ಪನ ಮಗ ಶಾಂತಿಯ ಕೈಗೆ ತುರುಕಿದೆ. ಅಜ್ಜಿ ಪೆಟ್ಟಿಗೆ ಎತ್ತಲು ಬಿಡಲಿಲ್ಲ. ನೆರೆಯವನೆಲ್ಲಿ ಎಂದಳು. ಆಗ ದೆಮೆತ್ರಿಯೊ ಹಿತ್ತಲಲ್ಲಿ ಪದ್ಧತಿಯಂತೆ ಒಂದೊಂದೇ ಜೇನುಗೂಡು ತಟ್ಟಿ, ಯಜಮಾನ ಹೋದನೆಂದು ತನ್ನ ಭಾಷೆಯಲ್ಲಿ ಹುಳಗಳಿಗೆ ತಿಳಿಸುತ್ತಿದ್ದ. "ಇನ್ಮೇಲೆ ನಮ್ಮ ಜೇನು ಸ್ಪ್ಯಾನಿಷಲ್ಲೇ ಕಚ್ಚುತ್ತೆ ಬಿಡಿ," ಎಂದ ಶಾಂತಿ. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ನಾನು ನಗಲಿಲ್ಲ. ಶಾಂತಿಯ ರಕ್ತ ಇತುರಾಲ್ದೆಯದು, ಅವನೇ ಹಿಡಿಯಲಿ ಎಂದು ಎಲ್ಲರೆದುರು ವಾದಕ್ಕೆ ನಿಂತೆ.

ಅಜ್ಜಿ ದನಿ ಏರಿಸಲಿಲ್ಲ. "ಇತುರಾಲ್ದೆ ಅಂದ್ರೆ ಒರತೆ ಪಕ್ಕ ಅಂತ. ಒರತೆ ಪಕ್ಕ ಇರೋಳು ನೀನೇನೇ? ನಿಮ್ಮ ಮುತ್ತಜ್ಜ ಆ ಮನೆ ಬಿಟ್ಟು ಇಲ್ಲಿಗೆ ಮನೆ ಅಳಿಯನಾಗಿ ಬಂದ. ಹೆಸರು ತಂದ, ಮನೆ ಹೊತ್ಕೊಂಡು ಬರ್ಲಿಲ್ಲ. ಶಿಲುಬೆ ಹಿಡಿಯೋದು ಮನೆ ಕಣೇ, ರಕ್ತ ಅಲ್ಲ," ಎಂದಳು. ಶಾಂತಿ ತಾನಾಗಿಯೇ ಹೋಗಿ ದೆಮೆತ್ರಿಯೊನನ್ನು ಕರೆತಂದು ಶಿಲುಬೆ ಕೊಟ್ಟ. ಅಣ್ಣಾ, ಅವನು ನಮ್ಮ ಮನೆಯ ಹೆಣ ಇಗರ್ಜಿಗೆ ಹೋಗಲೆಂದೇ ಇರುವ ದಾರಿಯಲ್ಲಿ ಒಂದು ತಿರುವೂ ತಪ್ಪಲಿಲ್ಲ. ಕೂಡುದಾರಿಯಲ್ಲಿ ವಾಡಿಕೆಯಂತೆ ನಿಂತು ಹಿಡಿ ಹುಲ್ಲು ಸುಟ್ಟ. ಅಜ್ಜನೇ ಬೇಸಿಗೆಯಲ್ಲಿ ಕೋಲೂರಿಕೊಂಡು ಅವನನ್ನು ಆ ದಾರಿಯಲ್ಲಿ ನಡೆಸಿ, ಎಲ್ಲೆಲ್ಲಿ ನಿಲ್ಲಬೇಕೆಂದು ತೋರಿಸಿದ್ದನಂತೆ. ನಮಗ್ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಕರಪತ್ರ ತಪ್ಪು, ಅಜ್ಜಿ ಸರಿ. ನಮ್ಮವರ ಅಡ್ಡಹೆಸರುಗಳನ್ನೇ ನೋಡು: ಎಚೆಬೆರಿಯಾ ಅಂದರೆ ಹೊಸಮನೆ, ಗೊಯಿಕೊಎಚೆಯಾ ಅಂದರೆ ಮೇಲಿನ ಮನೆ. ಊರು ನಮ್ಮನ್ನೂ ಕರೆಯುವುದು ಈ ಮನೆಯ ಹೆಸರು ಹಿಡಿದು ಸಗಸ್ತಿಯವರು, ಸೇಬಿನ ತೋಪಿನವರು ಎಂದೇ, ಇತುರಾಲ್ದೆ ಇರುವುದು ಸರ್ಕಾರಿ ಕಾಗದದಲ್ಲಿ. ನಮ್ಮ ಹಿರಿಯರು ಹೆಸರಿಗೆ ಒರತೆ, ತೋಪು, ದಿಬ್ಬ ಇಟ್ಟರೇ ಹೊರತು ಮೂಗಿನ ಆಕಾರ ಇಡಲಿಲ್ಲ. ಇದನ್ನೇ ನಾನೊಂದು ಕರಪತ್ರವಾಗಿ ಬರೆದಿದ್ದೇನೆ, ಕಿರಿಯ ಪಾದ್ರಿಗಳು ಅಚ್ಚು ಹಾಕಿಕೊಡುತ್ತಾರೆ. ಗೆಳೆಯರು ಈಗಲೇ ನನ್ನನ್ನು ಎಸ್ತ್ರೆಮದುರದ ಸೊಸೆ ಎಂದು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ಈ ನೆಲ ಬಿಡುಗಡೆಯಾಗುವ ದಿನ ಬಾಗಿಲು ತೆರೆದಿರುವ ಮನೆಗಳು ಬೇಕು, ಬೀಗ ಹಾಕಿದ ಶುದ್ಧ ಹೆಸರುಗಳಲ್ಲ.

ಅಜ್ಜಿ ನಿನ್ನ ತಲೆ ಮೇಲೆ ಕೈಯಿಟ್ಟಂತೆಯೇ ತಿಳಿ ಎಂದಿದ್ದಾಳೆ. ಹೊಟ್ಟೆ ತುಂಬ ಉಣ್ಣು.

ನಿನ್ನ ತಂಗಿ,
ಯೋಸುನೆ

ಅವಸರದಲ್ಲಿ: ನೀನು ಕೊಟ್ಟ ಅಧಿಕಾರಪತ್ರದ ಮೇಲೆ ನಿನ್ನೆ ದೆಮೆತ್ರಿಯೊಗೆ ಇನ್ನೂ ಒಂಬತ್ತು ವರ್ಷಕ್ಕೆ ಕರಾರು ಮಾಡಿಕೊಟ್ಟೆ. ಸಿಟ್ಟು ಬಂದರೆ ನನ್ನನ್ನು ಬೈದು ಬರೆ, ಅಜ್ಜಿಗೆ ಬರೆಯಬೇಡ. ಅವಳು ಅಜ್ಜನ ಕರಿ ನಿಲುವಂಗಿಯ ಹೊಲಿಗೆ ಬಿಚ್ಚಿ ದೆಮೆತ್ರಿಯೊನ ಅಳತೆಗೆ ಹೊಲಿಯುತ್ತಿದ್ದಾಳೆ. ಶಿಲುಬೆ ಹಿಡಿದ ದಿನ ಅವನು ತೊಟ್ಟದ್ದು ಎರವಲಿನದು, ಗಿಡ್ಡ. "ನಾಳೆ ನನ್ನ ಪೆಟ್ಟಿಗೆ ಮುಂದೆ ನಡೆಯೋನು ಮೊಣಕಾಲು ತೋರಿಸ್ಕೊಂಡು ಹೋಗೋದು ಬೇಡ," ಅನ್ನುತ್ತಾಳೆ.