ಆ ನಾಲ್ಕು ನಿಜಗಳನ್ನು ಬರೆದವನು ನಾನೇ

ಮೈದಾನಗಳ ಪರವಾನಗಿ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಮಾನ್ಯ ಅಧಿಕಾರಿಗಳೇ,

ಫೆಬ್ರವರಿ ಇಪ್ಪತ್ತಮೂರನೇ ತಾರೀಕು ನಿಮ್ಮ ಕಚೇರಿಯ ದೂರು ಪೆಟ್ಟಿಗೆಯಲ್ಲಿ ಒಂದು ಪುಟದ, ಸಹಿ ಇಲ್ಲದ ಮರಾಠಿ ಪತ್ರ ಬಿತ್ತು. ಇಪ್ಪತ್ತಾರನೇ ತಾರೀಕು ನೀವು ಕಾಂದಿವಲಿಯ ನಮ್ಮ ಡೋಲು-ತಾಶಾ ಪಥಕದ, ಅಂದರೆ ವಾದ್ಯದ ತಂಡದ, ಮೈದಾನದ ಪರವಾನಗಿಯನ್ನು ರದ್ದು ಮಾಡಿ, ಗ್ಯಾಲರಿಯ ಕೆಳಗಿನ ನಮ್ಮ ಕೋಣೆಗೆ ಬೀಗ ಹಾಕಿ ಸೀಲು ಮಾಡಿದಿರಿ. ಒಳಗೆ ನಲವತ್ತಾರು ಡೋಲುಗಳೂ ಕಡ್ಡಿಗಳಿಂದ ಬಾರಿಸುವ ಹನ್ನೆರಡು ಪುಟ್ಟ ತಾಶಾಗಳೂ ಇವೆ. ಯುಗಾದಿಗೆ ಮುಂಚಿನ ಪಥಕಗಳ ಸ್ಪರ್ಧೆ ಇದೇ ಹದಿನೈದಕ್ಕೆ ಇದೆ. ನನ್ನ ತಕರಾರು ಒಂದೇ. ಹೆಸರಿಲ್ಲದ ಒಂದು ಹಾಳೆಯನ್ನು, ಯಾರನ್ನೂ ಕೇಳದೆ, ಮೂರೇ ದಿನದಲ್ಲಿ ನೀವು ಹೇಗೆ ನಂಬಿದಿರಿ? ಇದನ್ನು ಕೇಳಲು ನನಗೆ ಬೇರೆಯವರಿಗಿಂತ ಹೆಚ್ಚು ಹಕ್ಕಿದೆ, ಯಾಕೆಂದರೆ ಆ ಹಾಳೆಯನ್ನು ಬರೆದವನು ನಾನೇ.

ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಯಲ್ಲಿ ಕೊಟ್ಟು ಇನ್‌ವರ್ಡ್ ನಂಬರು ಪಡೆದಿದ್ದೇನೆ. ಕನ್ನಡದಲ್ಲಿ ಅಚ್ಚು ಹಾಕಿಸುತ್ತಿರುವುದು ನಿಮಗಾಗಿ ಅಲ್ಲ. ನಮ್ಮವರೂ ಓದಲಿ, ದೂರು ಕೊಟ್ಟದ್ದು 'ಯಾರೋ ಬಿಲ್ಡಿಂಗಿನವರು' ಎಂದು ಒಂದು ವಾರದಿಂದ ಬೈಯುತ್ತಿರುವವರಿಗೆ ಸರಿಯಾದ ವಿಳಾಸ ಸಿಗಲಿ ಎಂದು.

ನನ್ನ ಬಗ್ಗೆ ನಿಮಗೆ ಗೊತ್ತಿರಬೇಕಾಗಿತ್ತು. ಫೋರ್ಟಿನ ಒಂದು ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದವನು ನಾನು. ಬೆಳಗ್ಗೆ ಎರಡು ಪತ್ರಿಕೆ ಓದದೆ ಹಲ್ಲುಜ್ಜಿದವನಲ್ಲ. ಸ್ಟೇಷನ್ ಹೊರಗಿನ ಫುಟ್‌ಪಾತಿನ ಕಲ್ಲುಗಳು ಎದ್ದಿವೆ ಎಂದು ನಿಮ್ಮ ಕಟ್ಟಡಕ್ಕೆ ಆರು ವರ್ಷಗಳಲ್ಲಿ ಹನ್ನೊಂದು ಪತ್ರ ಬರೆದಿದ್ದೇನೆ. ಹನ್ನೊಂದಕ್ಕೂ ಸಹಿ, ವಿಳಾಸ, ಫೋನ್ ನಂಬರು ಇತ್ತು. ಒಂದಕ್ಕೂ ಉತ್ತರ ಬರಲಿಲ್ಲ. ಹನ್ನೆರಡನೆಯದಕ್ಕೆ ಸಹಿ ಹಾಕಲಿಲ್ಲ, ಮೂರು ದಿನದಲ್ಲಿ ಕೆಲಸವಾಯಿತು. ನಾಗರಿಕರು ಇದರಿಂದ ಏನು ಕಲಿಯಬೇಕು ಎಂದು ನಿಮ್ಮ ಅನಿಸಿಕೆ?

ಆ ದೂರಿನಲ್ಲಿ ನಾಲ್ಕು ಅಂಶಗಳಿದ್ದವು. ಪರವಾನಗಿ ಇರುವುದು ನಲವತ್ತು ಡೋಲುಗಳಿಗೆ, ಬಾರಿಸುವುದು ನಲವತ್ತಾರು. ಸದ್ದು ತೊಂಬತ್ತೊಂದು ಡೆಸಿಬಲ್ ಮುಟ್ಟುತ್ತದೆ. ಮೈದಾನದಲ್ಲಿ ಬೆಂಕಿ ಹಚ್ಚುತ್ತಾರೆ. ಪರವಾನಗಿ ಯಾರ ಹೆಸರಿನಲ್ಲಿದೆಯೋ ಆ ವ್ಯಕ್ತಿ ಈಗ ಪಥಕದಲ್ಲೇ ಇಲ್ಲ. ನಾಲ್ಕೂ ನಿಜ. ಸುಳ್ಳು ಬರೆಯುವ ಅಭ್ಯಾಸ ನನಗಿಲ್ಲ. ಕೊನೆಯಲ್ಲಿ 'ಮೇಲಿನ ಎಲ್ಲ ಅಂಶಗಳನ್ನು ಸ್ವತಃ ಪರಿಶೀಲಿಸಿದ್ದೇನೆ' ಎಂದೂ ಸೇರಿಸಿದ್ದೆ. ಅದೂ ನಿಜವೇ.

ಈಗ ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ. ನಲವತ್ತಾರು ಡೋಲುಗಳು ಒಂಬತ್ತು ವರ್ಷಗಳಿಂದ ನಲವತ್ತಾರೇ ಇವೆ. ಅವುಗಳಲ್ಲಿ ಒಂದನ್ನು ಬಾರಿಸುವವನು ನಾನು. ತೊಂಬತ್ತೊಂದು ಡೆಸಿಬಲ್ ಬಂದದ್ದು ಡೋಲಿನಿಂದ ಮೂರಡಿ ದೂರದಲ್ಲಿ ಫೋನ್ ಹಿಡಿದಾಗ. ಗೇಟಿನ ಹತ್ತಿರ ಹೋಗಿ ನೋಡಿದ್ದರೆ ಎಷ್ಟು ಬರುತ್ತಿತ್ತೋ, ನಾನು ಹೋಗಲಿಲ್ಲ. ಬೆಂಕಿ ಎಂದರೆ ಎರಡು ಹಾಳೆ ಹಳೆಯ ಪೇಪರು. ಬೆಳಗಿನ ತಂಪಿಗೆ ಸಡಿಲವಾದ ತಾಶಾದ ಚರ್ಮವನ್ನು ಅದರ ಮೇಲೆ ಅರ್ಧ ನಿಮಿಷ ಹಿಡಿಯುತ್ತಾರೆ. ಎಲ್ಲರೂ ಹಾಸಿಕೊಂಡು ಕೂರಲಿ ಎಂದು ಪ್ರತಿ ಭಾನುವಾರ ಆ ಪೇಪರಿನ ಕಟ್ಟು ಮನೆಯಿಂದ ಒಯ್ಯುವವನೂ ನಾನೇ. ಇನ್ನು ಪರವಾನಗಿಯ ಹೆಸರು ಬದಲಾಯಿಸಬೇಕಾದದ್ದು ಪಥಕದ ಕಾರ್ಯದರ್ಶಿಯ ಕೆಲಸ. ಕಾರ್ಯದರ್ಶಿ ನಾನೇ. ಆ ಅರ್ಜಿ ಜನವರಿಯಿಂದ ನನ್ನ ಚೀಲದಲ್ಲಿತ್ತು. ಹೀಗೆ ನಾಲ್ಕು ನಿಜಗಳನ್ನು ಸಾಲಾಗಿ ನಿಲ್ಲಿಸಿ ಒಂದು ದೊಡ್ಡ ಸುಳ್ಳು ಹೇಳಿದೆ.

ಒಂಬತ್ತು ವರ್ಷ ಕಾಣದ ಡೋಲುಗಳು ಈ ವರ್ಷವೇ ಕಂಡದ್ದೇಕೆ? ಪಥಕಕ್ಕೆ ಹೊಸ ಮುಖ್ಯಸ್ಥೆ ಬಂದರು, ಅದಕ್ಕೆ.

ನಮ್ಮ ಪಥಕವನ್ನು ಕಟ್ಟಿ ನಡೆಸಿದವರು ಸಂದೀಪ. ಭುಜದ ನೋವು ವಿಪರೀತವಾಗಿ ಕಳೆದ ಡಿಸೆಂಬರಿನಲ್ಲಿ ಅವರು ಬಿಟ್ಟುಕೊಟ್ಟರು. ಪಥಕದಲ್ಲಿ ಮುಂದೆ ನಿಂತು ತಾಶಾ ಬಾರಿಸುವವರೇ ಮುಖ್ಯಸ್ಥರು, ಉಳಿದವರೆಲ್ಲ ಅವರ ಕೈ ನೋಡಿ ಬಾರಿಸಬೇಕು. ಆ ಕಡ್ಡಿಗಳನ್ನು ಸಂದೀಪ ನಮ್ಮ ಹಿರಿಯರಲ್ಲಿ ಯಾರಿಗೂ ಕೊಡಲಿಲ್ಲ. ನಾಲ್ಕು ವರ್ಷಗಳಿಂದ ಎರಡನೇ ಸಾಲಿನಲ್ಲಿದ್ದ ಲಕ್ಷ್ಮವ್ವ ಅವರಿಗೆ ಕೊಟ್ಟರು. 'ಇಡೀ ಪಥಕದಲ್ಲಿ ಕಿವಿ ಇರುವುದು ಇವರೊಬ್ಬರಿಗೆ' ಎಂದರು. ಲಕ್ಷ್ಮವ್ವ ಗದಗ ಕಡೆಯವರು. ಗೋರೆಗಾಂವಿನ ಒಂದು ಆಫೀಸು ಕಟ್ಟಡದಲ್ಲಿ ಸ್ವಚ್ಛತೆಯ ಕೆಲಸ. ಅವರ ತಂದೆ ಶಂಕ್ರೆಪ್ಪ ಊರಿನ ಮದುವೆಗೂ ಹೆಣಕ್ಕೂ ಹಲಗೆ ಬಾರಿಸುತ್ತಿದ್ದವರು. ಊರಿನಲ್ಲಿ ಹಲಗೆ ಯಾರು ಬಾರಿಸುತ್ತಾರೆ ಎಂದು ಕನ್ನಡ ಓದುವವರಿಗೆ ನಾನು ವಿವರಿಸಬೇಕಾಗಿಲ್ಲ.

ಆ ಸಂಜೆ ಉಡುಪಿ ಹೋಟೆಲಿನಲ್ಲಿ ನಾವು ಹಿರಿಯರು ಹದಿನಾರು ಮಂದಿ ಸೇರಿದೆವು. ಯಾರ ಬಾಯಲ್ಲೂ ಜಾತಿಯ ಮಾತು ಬರಲಿಲ್ಲ. ನಾವು ಮುಂಬಯಿಯವರು. ಸುಹಾಸ ಹೇಳಿದ್ದು ಇಷ್ಟೇ: "ಜಾತಿ ಗೀತಿ ಎಂತದ್ದೂ ಇಲ್ಲ ಮಾರಾಯ್ರೆ. ಆದ್ರೆ ಕಾಂಪಿಟೀಶನ್ ಅಲ್ವಾ? ಒಂದು ಸ್ಟ್ಯಾಂಡರ್ಡ್ ಬೇಕಲ್ಲ." ಎಲ್ಲರೂ ಹೌದು ಹೌದು ಎಂದರು. ನಾನು ಇನ್ನೊಂದು ಕಾಫಿ ತರಿಸಿದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಋತುವಿನ ಮೊದಲ ಅಭ್ಯಾಸದ ದಿನ ಮುಖ್ಯಸ್ಥರು ಸಾಲಿನಲ್ಲಿ ಬಂದು ಪ್ರತಿಯೊಬ್ಬರ ಸೊಂಟಕ್ಕೂ ಡೋಲಿನ ಪಟ್ಟಿಯನ್ನು ತಮ್ಮ ಕೈಯಿಂದಲೇ ಕಟ್ಟುತ್ತಾರೆ. ಸಂದೀಪ ಇದ್ದಾಗ ನಾವು ಅದಕ್ಕಾಗಿ ಕೈಯೆತ್ತಿ, ಶಾಲೆಯ ಮಕ್ಕಳಂತೆ ನಿಲ್ಲುತ್ತಿದ್ದೆವು. ಈ ಜನವರಿ ಹನ್ನೊಂದರ ಭಾನುವಾರ ನಾವು ಹದಿನಾರು ಜನವೂ ಪಟ್ಟಿಯನ್ನು ಮನೆಯಲ್ಲೇ ಕಟ್ಟಿಕೊಂಡು ಹೋದೆವು. ಹೀಗೆ ಮಾಡೋಣ ಎಂದು ಮೊದಲೇ ಮಾತಾಡಿಕೊಂಡಿದ್ದೆವು ಎಂದುಕೊಳ್ಳಬೇಡಿ, ಮಾತಾಡಿರಲಿಲ್ಲ. ಹದಿನಾರು ಮನೆಗಳಲ್ಲಿ ಹದಿನಾರು ಜನಕ್ಕೆ ಅದೇ ಹೊಳೆದಿತ್ತು. ನಾಲ್ಕು ಬೆರಳು ಅಗಲದ ಆ ಪಟ್ಟಿ ಬಿಗಿದುಕೊಂಡರೆ ರಿಕ್ಷಾದಲ್ಲಿ ನೆಟ್ಟಗೆ ಕೂರಲಾಗುವುದಿಲ್ಲ. ಮಗಳು ಯಕ್ಷಿತಾ ಪಕ್ಕದಲ್ಲಿ ಕೂತು, ತನ್ನ ಪಟ್ಟಿಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡು, ನನ್ನನ್ನೇ ನೋಡುತ್ತಿದ್ದಳು. ಲಕ್ಷ್ಮವ್ವ ಸಾಲಿನ ಮುಂದೆ ಬಂದರು, ಹದಿನಾರು ಸೊಂಟಗಳನ್ನು ನೋಡಿದರು. "ಛಲೋ ಆತು ಬಿಡ್ರಿ, ನನ್ನ ಕೆಲಸ ಹಗರ ಮಾಡೀರಿ" ಎಂದು ನಕ್ಕು, ಹುಡುಗ ಹುಡುಗಿಯರ ಪಟ್ಟಿ ಕಟ್ಟಲು ಮುಂದೆ ಹೋದರು.

ಆ ದಿನವೇ ಇನ್ನೊಂದು ನಡೆಯಿತು. ಹತ್ತು ನಿಮಿಷ ಬಾರಿಸಿದ್ದೆವೋ ಇಲ್ಲವೋ, ಅವರು ಕಡ್ಡಿ ಎತ್ತಿ ನಿಲ್ಲಿಸಿ ನೇರ ನನ್ನ ಹತ್ತಿರ ಬಂದರು. "ಅಣ್ಣಾರ, ನಿಮ್ಮ ಕೈ ಮುಂದ ಮುಂದ ಓಡಾಕತ್ತೈತ್ರಿ. ಡೋಲ ಕೆಳಗಿಡ್ರಿ, ಈ ಹೊತ್ತು ಬರೇ ಚಪ್ಪಾಳಿ ಹೊಡೀರಿ." ಸಾಲಿನಲ್ಲಿ ಯಾರೋ ನಕ್ಕರು. ಹದಿನಾಲ್ಕು ವರ್ಷ ಡೋಲು ಬಾರಿಸಿದ ಕಾರ್ಯದರ್ಶಿ ಒಂದೂವರೆ ಗಂಟೆ ಚಪ್ಪಾಳೆ ತಟ್ಟಿದೆ. ಸಂದೀಪ ನನ್ನನ್ನು ಯಾವಾಗಲೂ ಕೊನೆಯ ಸಾಲಿನ ಮೂಲೆಯಲ್ಲಿ ಏಕೆ ನಿಲ್ಲಿಸುತ್ತಿದ್ದರು ಎಂದು ಆಗ ತಿಳಿಯಿತು. ನಿಜಾಂಶಗಳ ಮೇಲೆ ಅಷ್ಟು ಪ್ರೀತಿ ಇರುವ ಮನುಷ್ಯ ಅಂದು ತನ್ನ ಬಗ್ಗೆ ಒಂದು ನಿಜಾಂಶ ಕೇಳಿ, ಮನೆಗೆ ಬಂದು ಬೇರೆ ನಾಲ್ಕನ್ನು ಹುಡುಕಲು ಶುರುಮಾಡಿದ. ಆರು ವಾರ ಹಿಡಿಯಿತು.

ಹೀಗೆ ಹುಟ್ಟಿತು, ಮಾನ್ಯರೇ, ನೀವು ನಂಬಿದ ಆ ಕಾಗದ.

ಈಗ ನಿಮ್ಮ ಪಾಲಿಗೆ ಬರುತ್ತೇನೆ. ಮಾರ್ಚ್ ಎರಡರ ಸೋಮವಾರ ಲಕ್ಷ್ಮವ್ವ ಅರ್ಧ ದಿನ ರಜೆ ಹಾಕಿ ನಿಮ್ಮ ಕಚೇರಿಗೆ ಬಂದರು. ಜೊತೆಗೆ ನನ್ನನ್ನು ಕರೆದುಕೊಂಡು ಬಂದರು, ಬರೆಯಲು ಬರುವವರು ಒಬ್ಬರು ಇರಲಿ ಎಂದು. ನಾನು ಹೋದೆ. ಹೋಗದಿರಲು ಬೇಕಾದ ಧೈರ್ಯ ಇರಲಿಲ್ಲ. ನಿಮ್ಮ ಗುಮಾಸ್ತರು ಕಡತ ತೆರೆದು ದೂರಿನ ಪ್ರತಿ ಕೊಟ್ಟರು. ಲಕ್ಷ್ಮವ್ವ ಅದನ್ನು ನನ್ನ ಕೈಗಿತ್ತು, "ಮರಾಠಿ ಓದಾಕ ನನಗ ತಡಾ ಆಗತೈತಿ. ಏನ ಬರದಾರ ಹೇಳ್ರಿ ಅಣ್ಣಾರ" ಎಂದರು. ನಿಮ್ಮ ವರಾಂಡದ ಬೆಂಚಿನ ಮೇಲೆ ಕೂತು ನನ್ನ ದೂರನ್ನು ನಾನೇ ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು. "ಎಲ್ಲಾ ಖರೇನ ಬರದಾನ್ರಿ, ಯಾವನೋ ಶಾಣ್ಯಾ ಅದಾನ" ಎಂದರು. ಹಾಳೆಯನ್ನು ಮಡಚುತ್ತಾ, "ಬೆಂಕಿ ಅಂತ ಬರದಾನ. ಎಷ್ಟ ಹಾಳಿ ಅಂತ ಬರದಿಲ್ಲ ನೋಡ್ರಿ" ಎಂದರು.

ಒಳಗೆ ನಿಮ್ಮ ಗುಮಾಸ್ತರು ಲಕ್ಷ್ಮವ್ವನ ಅರ್ಜಿಯನ್ನು ಮುಟ್ಟಲಿಲ್ಲ. ಅವರ ತಲೆಯ ಮೇಲಿಂದ ನನ್ನನ್ನು ನೋಡಿ ಹೇಳಿದರು: "ಸಾಬ್, ಆಪ್ ಕೇ ನಾಮ್ ಪೇ ದೇ ದೋ. ಪಢೇ-ಲಿಖೇ ಆದ್ಮೀ ಹೋ. ಕಲ್ ಹೀ ತಾಲಾ ಖುಲ್ ಜಾಯೇಗಾ." ಓದಿದವನಾದ ನನ್ನ ಹೆಸರಿನಲ್ಲಿ ಅರ್ಜಿ ಕೊಟ್ಟರೆ ನಾಳೆಯೇ ಬೀಗ ತೆರೆಯುತ್ತದಂತೆ. ಹಾಗಾದರೆ ಆ ಆರು ಹೆಚ್ಚುವರಿ ಡೋಲುಗಳು ಎಲ್ಲಿ ಹೋದವು? ನನ್ನ ಹೆಸರು ಬಿದ್ದ ಕೂಡಲೇ ತೊಂಬತ್ತೊಂದು ಡೆಸಿಬಲ್ ಎಷ್ಟಕ್ಕೆ ಇಳಿಯುತ್ತದೆ? ನನ್ನ ಕೈಯಲ್ಲಿ ಹಚ್ಚಿದರೆ ಪೇಪರಿಗೆ ಬೆಂಕಿ ಹಿಡಿಯುವುದಿಲ್ಲವೇ? ನಿಮ್ಮ ಕಚೇರಿ ಒಂದು ನಿಮಿಷದಲ್ಲಿ ಹೇಳಿದ್ದನ್ನು ಹೇಳಲು ನನಗೆ ನಾಲ್ಕು ಅಂಶಗಳ ಮುಸುಕು ಬೇಕಾಯಿತು. ಆ ಲೆಕ್ಕದಲ್ಲಿ ನೀವು ನನಗಿಂತ ಪ್ರಾಮಾಣಿಕರು.

ಲಕ್ಷ್ಮವ್ವ ಹಿಂದಿ ಚೆನ್ನಾಗಿ ಬಲ್ಲವರು. "ತಗೋರಿ ಅಣ್ಣಾರ, ನಿಮ್ಮ ಹೆಸರಲೇ ಆಗಲಿ. ನಾ ಹಿಂದ ನಿಂದರತೀನಿ. ಹುಡುಗ್ರು ಬಾರಸಲಿ" ಎಂದರು. ನಿಮ್ಮವರು ಕೊಟ್ಟ ಖಾಲಿ ಅರ್ಜಿಯನ್ನು ನಾನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಎರಡು ದಿನ ಅದು ಅಲ್ಲೇ ಇತ್ತು. ಭರ್ತಿ ಮಾಡಬೇಕೆಂಬ ಆಸೆ ಬರಲಿಲ್ಲ ಎಂದು ಹೇಳಿದರೆ ಅದು ನಾನು ಬರೆದ ಮೊದಲ ಸುಳ್ಳಾದೀತು.

ಬುಧವಾರ ಯಾರೋ ದೂರಿನ ಫೋಟೋವನ್ನು ಪಥಕದ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಯಕ್ಷಿತಾ ಊಟದ ತಟ್ಟೆಯ ಮುಂದೆ ಫೋನ್ ಇಟ್ಟು ಓದಿದಳು. "ಪಪ್ಪಾ, ವೋ ಡೆಸಿಬಲ್‌ದು ಆ್ಯಪ್ ನಾನೇ ಡೌನ್‌ಲೋಡ್ ಮಾಡಿ ಕೊಟ್ಟದ್ದು ನಿಮ್ಗೆ. ನೈಂಟಿ-ಒನ್ ಬಂತು ಅಂತ ನೀವೇ ತೋರ್ಸಿದ್ರಿ." ಹೆಂಡತಿ ನೀಲಾವತಿ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ನಾನು ಸಾರಿಗೆ ಉಪ್ಪು ಕಡಿಮೆ ಎಂದೆ. ಮಗಳು ಎದ್ದು ಕೈ ತೊಳೆದು ಬಂದು ಹೇಳಿದಳು: "ಲಕ್ಷ್ಮಕ್ಕನಿಗೆ ನಾನು ಹೇಳುದಿಲ್ಲ. ಆಪ್ ಬೋಲೋ. ನೀವೇ ಹೇಳ್ಬೇಕು."

ಮರುದಿನ ಗೋರೆಗಾಂವ್ ಸ್ಟೇಷನ್ನಿನ ಸೇತುವೆಯ ಮೇಲೆ, ಕೆಲಸ ಮುಗಿಸಿ ಬರುತ್ತಿದ್ದ ಲಕ್ಷ್ಮವ್ವನನ್ನು ನಿಲ್ಲಿಸಿ ಹೇಳಿದೆ. ಲೋಕಲ್ ಹಿಡಿಯಲು ಓಡುವವರು ಇಬ್ಬರನ್ನೂ ತಳ್ಳಿಕೊಂಡು ಹೋಗುತ್ತಿದ್ದರು. ಅವರು ಡಬ್ಬಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ಗೊತ್ತೈತ್ರಿ. ಅವತ್ತು ಬೆಂಚಿನ ಮ್ಯಾಲ ಓದಿದ್ರಲ್ಲ, ನೀವು ಹಾಳಿ ನೋಡಲೇ ಇಲ್ಲ. ನಿಮ್ಮ ಕೈ ಅಷ್ಟ ಅಲ್ಲ ಅಣ್ಣಾರ, ಬಾಯೀನೂ ಮುಂದ ಓಡತೈತಿ."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದೆ. "ನಾ ಹೇಳಿದ್ರ ನೀವು ಇಲ್ಲ ಅಂತಿದ್ರಿ. ಎಲ್ಲಾರೂ ನಿಮ್ಮನ್ನ ನಂಬತಿದ್ರು" ಎಂದರು. ತಪ್ಪಾಯಿತು ಎಂದೆ. ಅವರು ಬರುತ್ತಿದ್ದ ಲೋಕಲ್ ಕಡೆ ನೋಡಿದರು. ಮುಂದಿನ ಭಾನುವಾರ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬರುತ್ತೇನೆ, ಕಟ್ಟುತ್ತೀರಾ ಎಂದು ಕೇಳಿದೆ. "ಮೊದಲ ಬೀಗ ತಗಸ್ರಿ" ಎಂದು ಮೆಟ್ಟಿಲಿಳಿದು ಹೋದರು.

ಆದ್ದರಿಂದ, ಮಾನ್ಯರೇ, ಕೇಳುತ್ತಿದ್ದೇನೆ. ಕೋಣೆಯ ಬೀಗವನ್ನು ಈ ಶನಿವಾರದೊಳಗೆ ತೆಗೆಯಿರಿ. ಉಳಿದಿರುವುದು ಒಂದೇ ಭಾನುವಾರದ ಅಭ್ಯಾಸ. ಪರವಾನಗಿಯನ್ನು ಲಕ್ಷ್ಮವ್ವ ಅವರ ಹೆಸರಿನಲ್ಲೇ ಕೊಡಿ. ಅವರ ಅರ್ಜಿ ನಿಮ್ಮ ಗುಮಾಸ್ತರ ಮೇಜಿನ ಎಡಬದಿಯಲ್ಲಿ, ಪೆನ್ನುಗಳ ಡಬ್ಬಿಯ ಕೆಳಗಿದೆ, ನಾನು ನೋಡಿದ್ದೇನೆ. ನಲವತ್ತೇ ಡೋಲು ಎಂಬುದು ನಿಯಮವಾದರೆ ಹಾಗೇ ಆಗಲಿ. ತೆಗೆಯಬೇಕಾದ ಆರರಲ್ಲಿ ಮೊದಲನೆಯದು ನನ್ನದು, ಉಳಿದ ಐದು ಯಾವುವೆಂದು ಲಕ್ಷ್ಮವ್ವ ಹೇಳಲಿ. ಸದ್ದನ್ನು ಗೇಟಿನ ಹೊರಗೆ ನಿಂತು ನೀವೇ ಅಳೆಯಿರಿ. ಮತ್ತು ಈ ಪತ್ರವನ್ನು ಅದೇ ಕಡತದಲ್ಲಿ, ಆ ದೂರಿನ ಮೇಲೆಯೇ ಇಡಿ. ಕಡತ ತೆರೆದವರಿಗೆ ಮೊದಲು ಸಹಿ ಇರುವುದು ಕಾಣಲಿ.

ನನ್ನ ಹೆಸರಿಗೆಂದು ನಿಮ್ಮವರು ಕೊಟ್ಟ ಖಾಲಿ ಅರ್ಜಿಯನ್ನು ಇದರೊಂದಿಗೆ ಲಗತ್ತಿಸಿ ಹಿಂದಿರುಗಿಸುತ್ತಿದ್ದೇನೆ. ಖಾಲಿಯಾಗಿಯೇ ಇದೆ. ಪರಿಶೀಲಿಸಿಕೊಳ್ಳಿ.

ಇಂತಿ,
ಹಿಂದಿನ ಪತ್ರಕ್ಕೆ ಸಹಿ ಹಾಕದ,
ಬೀಗ ತೆಗೆಯುವವರೆಗೆ ಪಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡಿರುವ,
ರಮಾನಾಥ
(ಪಥಕದ ಕಾರ್ಯದರ್ಶಿ, ಭಾನುವಾರದ ಸಭೆಯ ನಂತರ ಬಹುಶಃ ಮಾಜಿ)
ಕಾಂದಿವಲಿ, ಮುಂಬಯಿ