ಕೋಣೆ ನಡೆಸುವವರ ಹೆಸರು

ಗೌರವಾನ್ವಿತ ಬು ಹಾರ್ತಿನಿ ಅಮ್ಮನವರಿಗೆ,

ನಿಮ್ಮ ಎದುರು ಕುಳಿತರೆ ನನ್ನ ಬಾಯಿಂದ "ಹ್ಞೂಂ, ಬು" ಬಿಟ್ಟು ಬೇರೇನೂ ಹೊರಡುವುದಿಲ್ಲ. ಅದಕ್ಕೇ, ಮನೆ ಎರಡೇ ಬೀದಿ ಆಚೆ ಇದ್ದರೂ ಪತ್ರ ಬರೆಯುತ್ತಿದ್ದೇನೆ.

ಗಂಡ ಊರಿನ ಮುಖ್ಯಸ್ಥರಾದ ದಿನವೇ ನೀವು ಮಹಿಳಾ ಸಂಘದ ಅಧ್ಯಕ್ಷೆಯಾದಿರಿ. ನಮ್ಮ ಕ್ಲಾಟೆನ್ ಜಿಲ್ಲೆಯ ಯಾವ ಹಳ್ಳಿಯಲ್ಲಿ ತಾನೇ ಬೇರೆ ಥರ ನಡೆದಿದೆ? ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಳೆಯ ಅಕ್ಕಿ ಗಿರಣಿಯ ಕೋಣೆಯಲ್ಲಿ, ಶಾಲೆ ಬಿಟ್ಟ ಹುಡುಗಿಯರಿಗೆ ಹನ್ನೊಂದು ವರ್ಷದಿಂದ ಪಾಠ, ಹೊಲಿಗೆ ಹೇಳಿಕೊಡುತ್ತಿರುವವಳು ನಾನು. ಎಳೆಯ ಹುಡುಗಿಯರಿಗೆ ಮದುವೆ ಗೊತ್ತುಮಾಡಿದ ಮನೆಗಳಿಗೆ ಹೋಗಿ ಬೈಸಿಕೊಂಡು ಬರುವವಳೂ ನಾನೇ.

ಹೋದ ವರ್ಷ ಮನಿಲಾದಿಂದ ಮಹಿಳೆಯರ ತಂಡ ಬಂದಿತ್ತಲ್ಲ, ವಿನಿಮಯ ಭೇಟಿಗೆ ನಮ್ಮಲ್ಲೊಬ್ಬರನ್ನು ಆರಿಸಲು. ಈ ಕೋಣೆ ಯಾರು ನಡೆಸುತ್ತಾರೆ ಎಂದು ಕೇಳಿದರು. "ಎಲ್ಲಾ ಬು ಅವರದ್ದೇ, ನಾನು ಸುಮ್ನೆ ಕೈ ಜೋಡಿಸ್ತೀನಿ" ಅಂದೆ. ಊಟಕ್ಕೆ ಕರೆದರೂ ಮೊದಲು ಬೇಡ ಅನ್ನುವ ಜನ ನಾವು, ಇನ್ನೇನು ಅನ್ನಲಿ? ಆಗ ರೂಢಿಯಂತೆ ನೀವು ಇಲ್ಲ, ಎಲ್ಲಾ ಈ ಮುರ್ನಿಯದೇ ಅನ್ನಬೇಕು. ನಾನು ತಲೆ ಅಲ್ಲಾಡಿಸಬೇಕು. ನೀವು ಇನ್ನೊಮ್ಮೆ ಒತ್ತಾಯಿಸಬೇಕು. ನೀವೋ, ಮುಗುಳ್ನಕ್ಕು "ಹೌದು" ಅಂದುಬಿಟ್ಟಿರಿ. ದುಭಾಷಿ ಅದನ್ನೇ ಹೇಳಿದಳು, ಅವರು ಅದನ್ನೇ ಬರೆದುಕೊಂಡರು.

ಹೊಟ್ಟೆ ಉರಿಯಿತು, ಬು. ಈಗಲೂ ಉರಿಯುತ್ತದೆ. ನೀವೇ ಆಯ್ಕೆಯಾಗಿ ಮನಿಲಾಗೆ ಹೋಗಿ, ಮೂರು ವಾರ ಅಲ್ಲಿಯ ಯುವಕೇಂದ್ರಗಳನ್ನು ನೋಡಿ ಬಂದಿರಿ. ಎಲ್ಲರ ಮಾತು ಕೇಳುವುದನ್ನು ಕಲಿತು ಬಂದೆ ಎಂದು ನಮ್ಮನ್ನೆಲ್ಲ ಚಾಪೆಯ ಮೇಲೆ ದುಂಡಗೆ ಕೂರಿಸಿ, ಎರಡು ಗಂಟೆ ನೀವೊಬ್ಬರೇ ಮಾತಾಡಿದಿರಿ. ಅದನ್ನೂ ನುಂಗಿಕೊಂಡೆ.

ಮೊನ್ನೆಯದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಸೋಮವಾರ ಅದೇ ಅತಿಥಿಗಳು ಮತ್ತೆ ಬರುತ್ತಾರೆ, ಈ ಕೋಣೆಯನ್ನು ಸಂಘದ ಸಭಾಂಗಣ ಮಾಡೋಣ, ಹುಡುಗಿಯರು ಇನ್ನು ಬೇರೆಲ್ಲಾದರೂ ಕೂರಲಿ ಎಂದಿರಿ. ಬೇರೆಲ್ಲಿ, ಬು? ಅವರಲ್ಲಿ ವೆನಿಂಗ್‌ಗೆ ಇನ್ನೂ ಹದಿನಾರು. ಇಲ್ಲಿ ಕುಳಿತು ಪರೀಕ್ಷೆಗೆ ಓದುತ್ತಿದ್ದಾಳೆ ಎಂಬ ಒಂದೇ ನೆಪದಲ್ಲಿ ಅವಳ ಮದುವೆ ನಿಂತಿದೆ. ಕೋಣೆ ಹೋದರೆ ಮುಂದಿನ ತಿಂಗಳು ಅವಳನ್ನು ಕಳಿಸಿಬಿಡುತ್ತಾರೆ. ಇದು ನಿಮಗೂ ಗೊತ್ತು.

ಅಷ್ಟಾದರೂ ನಾನು ಹ್ಞೂಂ ಅಂದೆ. ಹೊಲಿಗೆ ಯಂತ್ರದ ಮುಂದಿದ್ದ ವೆನಿಂಗ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೀವು ಹೋದ ಮೇಲೆ ಯಂತ್ರ ನಿಲ್ಲಿಸಿದಳು.

"ಮದುವೆ ಬೇಡ ಅಂತ ಬಾಯ್ಬಿಟ್ಟು ಹೇಳು ಅಂತ ನಂಗೆ ಕಲಿಸಿದ್ದು ನೀವಲ್ವಾ ಅಕ್ಕ? ಹೇಳಿದ್ದಕ್ಕೆ ಅಪ್ಪನ ಹತ್ರ ಏಟು ತಿಂದೆ. ನಿಮ್ಗೆ ಯಾರು ಹೊಡೀತಾರೆ?"

ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ನನ್ನ ಅಕ್ಷರ ದುಂಡಗಿದೆ ಎಂದು ಅತಿಥಿಗಳು ಭೇಟಿಗೆ ಮೊದಲು ಕಳಿಸಿದ್ದ ವಿವರದ ನಮೂನೆಯನ್ನು ತುಂಬಲು ನನಗೇ ಕೊಟ್ಟಿದ್ದಿರಿ. ತುಂಬಿ ಇವತ್ತು ಬೆಳಿಗ್ಗೆ ಅವರಿಗೆ ಕಳಿಸಿದ್ದೇನೆ. ಸಂಘದ ಅಧ್ಯಕ್ಷೆಯ ಜಾಗದಲ್ಲಿ ನಿಮ್ಮ ಹೆಸರಿದೆ. ನೋಡುವ ಸ್ಥಳ, ಹುಡುಗಿಯರ ಪಾಠದ ಕೋಣೆ ಎಂದಿದೆ. ಅದನ್ನು ನಡೆಸುವವರ ಜಾಗದಲ್ಲಿ ನನ್ನ ಹೆಸರು ಬರೆದಿದ್ದೇನೆ. ಸೋಮವಾರ ಅವರು ನಡೆಸುವವಳು ನೀನೇನಾ ಎಂದು ಕೇಳಿದರೆ ಹೌದು ಅನ್ನುತ್ತೇನೆ, ಒಂದೇ ಸಲಕ್ಕೆ. ನೀವೂ ಹೌದು ಅನ್ನಿ. ಇಲ್ಲವೇ ಆ ಹುಡುಗಿಯರ ಮುಖ ನೋಡಿಕೊಂಡು ಅಲ್ಲ ಅನ್ನಿ.

ನಿಮಗೂ ಮನೆಯವರಿಗೂ ದೇವರು ಒಳ್ಳೆಯದು ಮಾಡಲಿ.

ಇಂತಿ,
ಮುರ್ನಿಯಾತಿ