ನೀನಿಟ್ಟ ಅರಿಶಿನದ ಚುಕ್ಕೆ

ನಮ್ಮ ಶಾಂತಾನ ಅವ್ವನಿಗೆ,

'ಮೈ ಡಿಯರ್' ಎಂದು ಶುರುಮಾಡಬೇಕೆಂದಿದ್ದೆ. ಎರಡು ವರ್ಷ ಕಾಲೇಜಿನ ಬೆಂಚು ಸವೆಸಿದವನಿಗೆ ಅಷ್ಟಾದರೂ ನೆನಪಿದೆ. ನೀನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿ ಎಂದು ಬಿಟ್ಟೆ. ಮದುವೆಯಾದ ಹೊಸದರಲ್ಲಿ ನಿನ್ನನ್ನು 'ಏ, ಇಲ್ಲಿ ಕೇಳು' ಎನ್ನುತ್ತಿದ್ದೆ. ಮಗಳು ಹುಟ್ಟಿದ ಮೇಲೆ 'ಶಾಂತಾನ ಅವ್ವ' ಆದೆ. ರೇಷನ್ ಕಾರ್ಡು ಬರೆಸುವಾಗ ಒಮ್ಮೆ ನಿನ್ನ ಹೆಸರನ್ನು ಬಾಯಿಬಿಟ್ಟು ಹೇಳಿದ್ದೇನೆ. ಗುಮಾಸ್ತ ಎರಡನೆಯ ಸಲ ಕೇಳಿದಾಗ ನಾಚಿಕೆಯಾಗಿ ಚೀಟಿಯ ಮೇಲೆ ಬರೆದುಕೊಟ್ಟೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಷ್ಟೇ.

ನೀನು ಹೋಗಿ ಎರಡು ಮಳೆಗಾಲ ಕಳೆದವು. ಹೇಳುವುದು ಬಹಳ ಉಳಿದಿದೆ. ನಮ್ಮ ಧಾರವಾಡ ಈಗ ಮುಂಬಯಿ ರಾಜ್ಯದಲ್ಲಿ ಇಲ್ಲ, ಮೈಸೂರಿಗೆ ಸೇರಿತು. ಮುಂಬಯಿಯ ಸಯನ್ನಿನಲ್ಲಿರುವ ನಮ್ಮ ಎರಡು ಖೋಲಿಯ ಮನೆಗೆ ಮಾತ್ರ ಅದು ಇನ್ನೂ ತಿಳಿದಂತಿಲ್ಲ. ಅದಿರಲಿ. ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ನಿನ್ನ ಹೊಲಿಗೆ ಮಷಿನ್ನಿನ ವಿಷಯ.

ಅದು ಮನೆಗೆ ಬಂದ ವರ್ಷ ನಿನ್ನ ತಾಯಿ ಊರಿನಿಂದ ಬಂದಿದ್ದರಲ್ಲ, ನೆನಪಿದೆಯೆ? ಹಳೆಯ ಸೀರೆ, ಧೋತರ ಪದರ ಪದರ ಹಾಸಿ ನೀನು ಕೌದಿಯನ್ನು ಮಷಿನ್ನಿಗೆ ಕೊಟ್ಟಾಗ ಅವರು ಗಲ್ಲದ ಮೇಲೆ ಕೈಯಿಟ್ಟರು. "ಕೌದಿ ಅಂದ್ರ ಕೈಲೆ ಹೊಲಿಯೂದು. ಇದೇನಬೇ, ಗಿರಣಿ ಕೌದಿ?" ನೀನು ಪೆಡಲ್ ನಿಲ್ಲಿಸಲೇ ಇಲ್ಲ. "ಮುಂಬೈದಾಗ ಗಿರಣಿ ಇಲ್ಲದ್ದು ಏನೈತಿ, ಯವ್ವಾ?" ನಾನು ಪೇಪರಿನ ಹಿಂದೆ ನಕ್ಕೆ. ಆಮೇಲೆ ನನ್ನ ಜ್ಞಾನವನ್ನೂ ಸ್ವಲ್ಪ ತೋರಿಸೋಣವೆಂದು, ಮೇಲಿನ ದಾರ ಕೆಳಗಿನ ದಾರ ಎರಡರ ಜಗ್ಗಾಟ ಸರಿಸಮ ಇರಬೇಕು, ಇದಕ್ಕೆ ಈಕ್ವಿಲಿಬ್ರಿಯಮ್ ಅನ್ನುತ್ತಾರೆ ಎಂದೆ.

"ನಿಮ್ಮ ಕಾಲೇಜಿನಾಗ ಏನರ ಅನ್ಲಿ. ಕೌದಿಗೆ ದಾರ ಜಗ್ಗಿದ್ರ ಕೂಸು ಸೆರಗ ಹಿಡದು ಜಗ್ಗಿದಂಗ ಇರಬೇಕು. ಎಮ್ಮಿ ಹಗ್ಗ ಜಗ್ಗಿದಂಗ ಅಲ್ಲ."

"ನನಗ ಸೆರಗೆಲ್ಲೈತಿ?"

"ಅದಕ್ಕ ನಿಮ್ಮ ಕೈಯಾಗ ಮಷಿನ್ ಕೊಡಂಗಿಲ್ಲ."

ಎಷ್ಟು ಸರಿಯಾಗಿ ಹೇಳಿದ್ದೆ! ನೀನು ಹೋದ ವರ್ಷದ ದಸರೆಗೆ ನಮಗೆ ಹಬ್ಬವಿರಲಿಲ್ಲ. ಆದರೂ ಖಂಡೇ ಪೂಜೆಯ ಬೆಳಿಗ್ಗೆ ಅಕ್ಕಪಕ್ಕದವರು ಕತ್ತರಿ, ಇಳಿಗೆ, ಸೈಕಲ್ಲಿಗೆಲ್ಲ ಕುಂಕುಮ ಹಚ್ಚುವುದನ್ನು ಕಂಡು, ನಮಗೆ ಸೂತಕವಾದರೆ ಮಷಿನ್ನಿಗೇನು ಸೂತಕ ಎಂದುಕೊಂಡೆ. ಸೀಮೆಎಣ್ಣೆ, ಹಳೆಯ ಬನಿಯನ್ ತೆಗೆದುಕೊಂಡು ಕುಳಿತೆ. ವರ್ಷಗಟ್ಟಲೆಯ ಪೂಜೆಯ ಕುಂಕುಮ, ಅರಿಶಿನ ಅಲ್ಲಲ್ಲಿ ಕಪ್ಪುಗಟ್ಟಿತ್ತು. ಎಲ್ಲ ತಿಕ್ಕಿ ತೆಗೆದೆ. ದಾರ ಬಿಗಿ ಮಾಡುವ ಆ ತಿರುಪನ್ನಂತೂ ಬಿಚ್ಚಿ, ಒಳಗಿನ ನೂಲಿನ ಕಸ ಊದಿ, ಫಳಫಳ ಮಾಡಿ ಮತ್ತೆ ಕೂಡಿಸಿದೆ. ಹೊಸ ಕುಂಕುಮವನ್ನು ಕಣ್ಣಿಗೆ ಚೆಂದ ಕಂಡ ಕಡೆ ಇಟ್ಟೆ. ಪೂಜೆ ಮಾಡಿದೆನೆಂಬ ಹೆಮ್ಮೆ ನನಗೆ...

ಎಂಟು ದಿನ ಬಿಟ್ಟು ಶಾಂತಾ ಗೋರೆಗಾಂವದ ಅತ್ತೆಮನೆಯಿಂದ ಬಂದಳು. ನೀನು ಕೇಳದೆ ಹೋದ ಮೊದಲ ಸುದ್ದಿ ಇದು: ಅವಳಿಗೆ ಆಗ ಐದು ತಿಂಗಳು. ನಿನ್ನ ಟ್ರಂಕು ತೆಗೆದು ಸೀರೆಗಳನ್ನು ಒಂದೊಂದಾಗಿ ಮೂಸುತ್ತ ಕುಳಿತಿದ್ದವಳು ತಳದಿಂದ ಒಂದು ಸಣ್ಣ ಕೌದಿ ಎತ್ತಿದಳು. ಕೂಸಿನ ಅಳತೆಯದು. ನಾಲ್ಕು ಪದರ, ಪದರ ಜರುಗದಂತೆ ಸುತ್ತ ಕೈಯಿಂದ ಹಾಕಿದ ಕಚ್ಚಾ ಟಾಕಿ, ಮಷಿನ್ನಿನ ಹೊಲಿಗೆ ಮೂರೇ ಸಾಲು. ಯಾರಿಗೂ ಹೇಳದೆ ಯಾವಾಗ ಶುರುಮಾಡಿದ್ದೆ? ಮಗಳ ಮದುವೆಯಾಗಿ ಎರಡು ವರ್ಷವಾದರೂ ಸುದ್ದಿಯಿಲ್ಲವೆಂದು ಬಾಯಲ್ಲಿ ಒಂದು ದಿನವೂ ಅನ್ನಲಿಲ್ಲ ನೀನು. ಕೈ ಮಾತ್ರ...

ಶಾಂತಾ ಕಣ್ಣೊರೆಸಿಕೊಂಡು ಒಂದು ಮಾತು ಹೇಳಿದಳು. ಅವಳ ಅತ್ತೆ, ನಮ್ಮ ಬೀಗತಿಯವರು, ಹುಟ್ಟಿದ ಕೂಸನ್ನು ಮೊದಲು ಮಲಗಿಸುವ ಕೌದಿ ತವರಿನದೇ ಆಗಬೇಕು, ಆದರೆ ತಾಯಿ ಇಲ್ಲದ ತವರು, ಆ ಗಂಡಸರಿಗೆ ಯಾಕೆ ತೊಂದರೆ, ನಾವೇ ಒಂದು ಹಾಕೋಣ ಅಂದರಂತೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. "ನಮ್ಮ ಅಪ್ಪ ತರತಾನ ಅಂತ ಹೇಳಿ ಬಂದೀನಿ" ಎಂದಳು. ಅವಳ ತವರು ಉಳಿಯಿತೋ ಮುಗಿಯಿತೋ ಎಂಬುದು ಆ ನಾಲ್ಕು ಪದರದ ಮೇಲೆ ನಿಂತಿತು. ಆಮೇಲೆ ಅವಳು ಮಷಿನ್ನಿನ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಅಪ್ಪಾ, ಅವ್ವನ ಅರಿಷಿಣ ಎಲ್ಲಿ?"

"ಯಾವ ಅರಿಷಿಣ?"

"ಈ ತಿರುಪಿನ ಮ್ಯಾಲಿಂದು. ಕುಂಕುಮದ ಚುಕ್ಕಿಗೆ ತಿರುವಿದ್ರ ರವಕಿಗೆ, ಅರಿಷಿಣದ್ದಕ್ಕ ತಿರುವಿದ್ರ ಕೌದಿಗೆ. ಗೊತ್ತಿಲ್ಲೇನು ನಿನಗ?"

ಗೊತ್ತಿರಲಿಲ್ಲ. ಪೂಜೆಯದೆಂದು ತಿಳಿದು ನಿನ್ನ ಲೆಕ್ಕವನ್ನೇ ಒರೆಸಿಹಾಕಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಷಿನ್ನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ನೆನಪಾಯಿತು. ಬೀರುವಿನಿಂದ ತೆಗೆದೆ. 'ಟೆನ್ಷನ್' ಎಂಬ ಪುಟವನ್ನೇ ನೀನು ಸೂಜಿ ಚುಚ್ಚಿಡಲು ಇಟ್ಟುಕೊಂಡಿದ್ದೆ! ಪುಟದ ತುಂಬ ತೂತು. 'ಇಫ್ ದಿ ಥ್ರೆಡ್' ಎಂದು ಶುರುವಾಗುತ್ತದೆ, ಮುಂದೆ ತೂತು. 'ಲೂಸನ್' ಎನ್ನುತ್ತದೆ, ಏನನ್ನು ಎಂಬಲ್ಲಿ ಮತ್ತೆ ತೂತು. ತೂತಿಲ್ಲದಿದ್ದರೂ ಎಷ್ಟು ತಿಳಿಯುತ್ತಿತ್ತೋ. ಕಾಲೇಜಿನ ಇಂಗ್ಲಿಷೂ ಈಗ ಹಾಗೆಯೇ ಇದೆ.

ಮೊದಲ ದಿನ ಹೊಲಿಯಲು ಕುಳಿತೆ. ಮಷಿನ್ನಿನಲ್ಲಿದ್ದದ್ದು ರವಿಕೆಯ ಹದಿನಾಲ್ಕು ನಂಬರಿನ ಸೂಜಿ. ನಾಲ್ಕು ಪದರಕ್ಕೆ ತಗುಲಿದ್ದೇ ಟಣ್ಣೆಂದು ಮುರಿದು ಕನ್ನಡಕಕ್ಕೆ ಹಾರಿತು. ಇನ್ನೊಂದು ಹಾಕಿದೆ. ಮೇಲೆ ನೋಡಿದರೆ ಹೊಲಿಗೆ, ಕೆಳಗೆ ತಿರುವಿ ನೋಡಿದರೆ ಗುಬ್ಬಿಗೂಡು. ಕೆಳಗೆ ಗಂಟಾದರೆ ತಪ್ಪು ಕೆಳಗಿನದೇ ಅಲ್ಲವೆ ಎಂದು ಕೆಳಗಿನ ದಾರ ಸುತ್ತಿದ ಬಾಬಿನ್ನಿನ ತಿರುಪನ್ನು ಬಿಗಿ ಮಾಡಿದೆ, ಇನ್ನೂ ಬಿಗಿ ಮಾಡಿದೆ. ಗೂಡು ದೊಡ್ಡದಾಯಿತು. ಕೊನೆಗೆ ಕೌದಿಯನ್ನು ಚೀಲದಲ್ಲಿಟ್ಟುಕೊಂಡು ಬಿಲ್ಡಿಂಗಿನ ಕೆಳಗೆ ಹೊಲಿಗೆ ಅಂಗಡಿಯಿಟ್ಟಿರುವ ಬಾಳೂ ಮಾಸ್ತರನ ಹತ್ತಿರ ಇಳಿದೆ. ಬೆಳಗಾವಿಯವನು, ನಿನ್ನ ಕೈಕೆಲಸ ಹೊಗಳುತ್ತಿದ್ದನಲ್ಲ, ಅವನೇ.

"ಕಾಕಾ, ಹತ್ತ ನಂಬರಿನ ದಪ್ಪ ದಾರ ಹಾಕ್ರಿ. ಬೈಲಗಾಡಿ ಜಗ್ಗಿದ್ರೂ ಹರಿಯಂಗಿಲ್ಲ."

"ಮಾಸ್ತರ, ಇದು ಕೂಸಿಗೆ. ಗಾಡಿಗಲ್ಲ."

"ತರ್ರಿ ಇಲ್ಲೆ, ಅರ್ಧಾ ತಾಸಿನಾಗ ನಾನ ಹೊಲದ ಕೊಡತೀನಿ."

ಕೊಡಬಹುದಿತ್ತು. ನನ್ನ ಕೈ ಚೀಲ ಬಿಡಲಿಲ್ಲ. ಅವನು ಅರ್ಥಮಾಡಿಕೊಂಡು ಚಹಾ ತರಿಸಿದ. ನಿನ್ನ ಮೂರು ಸಾಲುಗಳನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಆಮೇಲೆ ಗಲ್ಲಕ್ಕೇ ಒತ್ತಿಕೊಂಡು ನೋಡಿದ. "ದಾರ ಹತ್ತಂಗಿಲ್ಲ ನೋಡ್ರಿ ಮೈಗೆ! ಕಾಕೂ ನಲವತ್ತು ನಂಬರಿನ ಸಣ್ಣ ದಾರ ಹಾಕ್ಯಾರ. ಆದ್ರ ಸೂಜಿ ಹದಿನೆಂಟರದ್ದು, ದಪ್ಪಂದು. ತೂತು ದೊಡ್ಡದಾದ್ರ ಸಣ್ಣ ದಾರ ಸವೆಯದ ಪಾರಾಗತದ. ಬಿಗಿ ಸಡಲ ಇಟ್ಟಾರ." ದೊಡ್ಡ ಸೂಜಿಗೆ ದೊಡ್ಡ ದಾರ ಎಂದು ನಾನು ತಿಳಿದಿದ್ದೆ; ಬರುವವರು ಸಣ್ಣವರೆಂದು ಬಾಗಿಲು ದೊಡ್ಡದು ಮಾಡುವವಳು ನೀನು.

ಗಂಟಿನ ವಿಷಯ ಕೇಳಿದ್ದಕ್ಕೆ ಅವನೇ ಅಂಗಡಿ ಬಿಟ್ಟು ಮೇಲೆ ಬಂದ. ನಾನು ಎರಡು ಸಾಲು ಹೊಲಿಯುವುದನ್ನು ನೋಡಿ ಹಣೆ ಬಡಿದುಕೊಂಡ. ಮಷಿನ್ನಿನಲ್ಲಿ ಬಟ್ಟೆಯನ್ನು ಒತ್ತಿಹಿಡಿಯುವ ಕಾಲನ್ನು ನಾನು ಇಳಿಸಿಯೇ ಇರಲಿಲ್ಲ. "ಕಾಲ ಇಳಿಸದ ದಾರಕ್ಕ ಬಿಗಿ ಎಲ್ಲಿಂದ ಬರಬೇಕು? ಇನ್ನೊಂದು ನೆನಪಿಡ್ರಿ ಕಾಕಾ. ಕೆಳಗ ಗಂಟು ಬಂದ್ರ ಮ್ಯಾಲಿಂದು ನೋಡ್ರಿ. ಕೆಳಗಿಂದು ಪಾಪ, ಮ್ಯಾಲಿಂದು ಹೆಂಗ ಬಂತೋ ಹಂಗ ಹಿಡಕೋತದ." ಅವನು ಇಳಿದು ಹೋದ ಮೇಲೆ ಬಾಬಿನ್ನಿನ ತಿರುಪನ್ನು ಮೊದಲಿನಂತೆ ಸಡಿಲ ಮಾಡಿದೆ. ಸಾರಿಗೆ ಉಪ್ಪು ಹೆಚ್ಚಾದರೆ, ಮಗಳು ಎದುರಾಡಿದರೆ, ಹಾಲು ಉಕ್ಕಿದರೆ ನಾನು ತಿರುಗಿ ನೋಡುತ್ತಿದ್ದದ್ದು ನಿನ್ನ ಕಡೆಗೇ. ಒಂದು ಸಲವಾದರೂ ನನ್ನ ಕಡೆಗೆ ನೋಡಿಕೊಂಡಿದ್ದರೆ...

ಅಂದಿನಿಂದ ಆಫೀಸು ಬಿಟ್ಟು ಬಂದು ದಿನಕ್ಕೊಂದು ಸಾಲು. ತಿರುಪನ್ನು ಗೋಧಿಯ ಕಾಳಿನಷ್ಟು ತಿರುಗಿಸುವುದು, ನನ್ನ ಹರಿದ ಧೋತರದ ಚೂರಿನ ಮೇಲೆ ಹೊಲಿದು ನೋಡುವುದು, ದಾರವನ್ನು ಬೆರಳಿಂದ ಜಗ್ಗಿ ನೋಡುವುದು. ಕೂಸು ಸೆರಗು ಜಗ್ಗಿದಂತೆ ಎಂದರೆ ಎಷ್ಟು? ಶಾಂತಾ ಸಣ್ಣವಳಿದ್ದಾಗ ಜಗ್ಗಿದ್ದೆಲ್ಲ ನಿನ್ನ ಸೆರಗನ್ನು, ನಾನು ಆಫೀಸಿನಲ್ಲಿದ್ದೆ. ಬಿಗಿಯಾದರೆ ದಾರ ಹರಿಯಿತು, ಬಟ್ಟೆ ಸುಕ್ಕಾಯಿತು. ಸಡಿಲಾದರೆ ಕೆಳಗೆ ಕುಣಿಕೆ. ಹನ್ನೊಂದು ಸಾಲು ಹೊಲಿದು ಆರು ಬಿಚ್ಚಿದೆ, ಮತ್ತೆ ಹೊಲಿದೆ. ನಿನ್ನ ಮೂರು ಸಾಲಿನ ಪಕ್ಕ ನನ್ನವು ಹೊಸ ಬಾಡಿಗೆದಾರರ ಹಾಗೆ ಹೆದರಿ ಕುಳಿತಿದ್ದವು. ನಾಲ್ಕನೆಯ ಮೂಲೆಯನ್ನು ಮಾತ್ರ ಹೊಲಿಯದೆ ಬಿಟ್ಟೆ. ನಿನ್ನ ತವರಿನ ಪದ್ಧತಿ ಅದೊಂದು ನನಗೆ ಗೊತ್ತಿತ್ತಲ್ಲ.

ಹೋಳಿ ಹತ್ತಿರವಿದ್ದ ಒಂದು ಬೆಳಿಗ್ಗೆ ಅಳಿಯ ಬಾಗಿಲಲ್ಲಿ ನಿಂತು, "ಮಾವಾ, ಹೆಣ್ಣು. ನಸುಕಿನ್ಯಾಗ. ಇಬ್ಬರೂ ಆರಾಮ" ಎಂದ. ಕೌದಿಯ ಚೀಲವನ್ನು ಎದೆಗೆ ಅವುಚಿಕೊಂಡು ಲೋಕಲ್ ಹತ್ತಿದೆ. ದಾದರದಲ್ಲಿ ಗಾಡಿ ಬದಲಿಸುವಾಗ ಗದ್ದಲದಲ್ಲಿ ಒಬ್ಬ, "ಆಜೋಬಾ, ಒಳಗ ಏನು ಬಂಗಾರ?" ಎಂದ. ಹೌದೆಂದೆ. ಗೋರೆಗಾಂವ ಮುಟ್ಟುವಾಗ ಬಿಸಿಲೇರಿತ್ತು. ಒಳಗೆ ಬೀಗತಿಯವರು ಗೋಡೆಗೆ ಒರಗಿ, ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು.

"ಬರ್ರಿ ಬೀಗರ, ಲಗೂನ ಬರ್ರಿ. ನಸುಕಿನಿಂದ ಹಿಂಗ ಕುಂತೀನಿ, ಕಾಲು ಮರಗಟ್ಟ್ಯಾವ. ನಿಮ್ಮ ಮಗಳು ಕೆಳಗ ಮಲಗಸಾಕ ಬಿಡವಲ್ಲಳು. ಅಪ್ಪ ಕೌದಿ ತರತಾನ ಅಂತಾಳ."

ಕೌದಿ ಬಿಡಿಸಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವರ ಬೆರಳು ಸಾಲಿನ ಮೇಲೆ ಸರಿಯುತ್ತ ಬಂತು.

"ಈ ಮೂರು ಅಕಿನ್ವು."

"ಹೌದ್ರಿ."

"ಉಳದದ್ದು ಯಾರ್ವು ಅಂತ ಕೇಳೂದ ಬ್ಯಾಡ ಬಿಡ್ರಿ." ಮಂಚದ ಮೇಲೆ ಶಾಂತಾ ನಗಲಾರದೆ ನಕ್ಕಳು. ಬೀಗತಿಯವರ ಬೆರಳು ನಾಲ್ಕನೆಯ ಮೂಲೆಗೆ ಬಂದು ನಿಂತಿತು. ನನ್ನನ್ನು ನೋಡಿದರು. "ಇದರ ಹೊಟ್ಟಿ ತುಂಬಸಾಕ ಬಿಟ್ಟೀರೇನು?"

"ಕೌದಿ ಹಸದಿರಬಾರದು ಅಂತಿದ್ಲು."

ಅವರು ಅಡುಗೆಮನೆಯಿಂದ ಜೋಳದ ಭಕ್ಕರಿಯ ಒಂದು ಚೂರು ತರಿಸಿ, ಆ ಮೂಲೆಯ ಪದರದೊಳಗೆ ಇಟ್ಟು, ಕೈಸೂಜಿಯಿಂದ ತಾವೇ ಹೊಲಿದು ಮುಚ್ಚಿದರು. ಆಮೇಲೆ ಕೂಸನ್ನು ಅದರ ಮೇಲೆ ಮಲಗಿಸಿದರು, ತಲೆಯನ್ನು ನಿನ್ನ ಮೂರು ಸಾಲಿನ ಕಡೆಗೆ ಮಾಡಿ. "ತವರು ಬಂತು ನೋಡವಾ" ಎಂದರು ಶಾಂತಾಗೆ.

ಹೆಸರಿಡುವ ದಿನ ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ನಿನ್ನದೇ ಹೆಸರು. ರುಕ್ಮಿಣಿ.

ಹೋದ ಭಾನುವಾರ ಶಾಂತಾ ಅವಳನ್ನು ಕರೆದುಕೊಂಡು ಸಯನ್ನಿಗೆ ಬಂದಿದ್ದಳು. ಈಗ ಹಿಡಿದುಕೊಂಡು ನಿಲ್ಲುತ್ತಾಳೆ. ನಾನು ಕುರ್ಚಿಯಲ್ಲಿ ಪೇಪರು ಓದುತ್ತಿದ್ದೆ. ತೆವಳುತ್ತ ಬಂದಳು, ಜೋಲುತ್ತಿದ್ದ ನನ್ನ ಧೋತರದ ಚುಂಗು ಹಿಡಿದಳು, ಜಗ್ಗಿದಳು. ಬಿಚ್ಚುವಷ್ಟು ಅಲ್ಲ. ಬಿಟ್ಟುಬಿಡುವಷ್ಟೂ ಅಲ್ಲ. ಇದ್ದೀಯಾ ಎಂದು ಕೇಳುವಷ್ಟು.

"ರುಕ್ಮಿಣೀ" ಎಂದೆ. ಶಾಂತಾ ಒಳಗಿನಿಂದ ಇಣುಕಿ ನೋಡಿದಳು. ಕೂಸು ಇನ್ನೊಮ್ಮೆ ಜಗ್ಗಿತು, ಅಷ್ಟೇ ಬಿಗಿ. ನಾನು ಅವಳನ್ನು ಎತ್ತಿ ಶಾಂತಾನ ಕೈಗೆ ಕೊಟ್ಟು ಮಷಿನ್ನಿನ ಮುಂದೆ ಕುಳಿತೆ. ಹದಿನೆಂಟರ ಸೂಜಿ, ನಲವತ್ತರ ದಾರ. ಕಾಲು ಇಳಿಸಿದೆ. ತಿರುಪು ತಿರುಗಿಸುತ್ತ ದಾರವನ್ನು ಜಗ್ಗಿ, ಜಗ್ಗಿ ನೋಡಿದೆ, ಬೆರಳಿಗೆ ಆ ಧೋತರದ ಚುಂಗು ಸಿಗುವವರೆಗೆ. ಸಿಕ್ಕಿತು. ಚೂರಿನ ಮೇಲೆ ಹೊಲಿದು ತಿರುವಿದೆ. ಮೇಲೂ ಕೆಳಗೂ ಒಂದೇ.

"ಶಾಂತಾ, ಅಡಗಿಮನ್ಯಾಗಿಂದ ಒಂದೀಟು ಅರಿಷಿಣ ತಾ" ಎಂದೆ.

ತಿರುಪು ನಿಂತ ಕಡೆ ಚುಕ್ಕೆ ಇಟ್ಟೆ. ನೀನು ಇಟ್ಟಿದ್ದ ಜಾಗವೇ ಹೌದೋ ಅಲ್ಲವೋ, ನನಗೇನು ಗೊತ್ತು? ಇನ್ನು ಮುಂದೆ ಖಂಡೇ ಪೂಜೆಗೆ ಅದನ್ನು ಒರೆಸುವುದಿಲ್ಲ, ಅದರ ಮೇಲೆಯೇ ಹಚ್ಚುತ್ತೇನೆ. ಕುಂಕುಮದ ಚುಕ್ಕೆ ಸಿಕ್ಕಿಲ್ಲ. ರವಿಕೆ ಹೊಲಿಯುವ ಧೈರ್ಯ ನನಗಿಲ್ಲ, ಅದು ನಿನ್ನದೇ ಇರಲಿ. ನಿನ್ನ ಇಳಕಲ್ ಸೀರೆ ಎರಡು ಟ್ರಂಕಿನಲ್ಲಿವೆ. ಕೂಸು ಉದ್ದವಾಗುತ್ತಿದೆ, ಆ ಕೌದಿಯಿಂದ ಕಾಲು ಹೊರಗೆ ಬರುತ್ತವೆ. ಮುಂದಿನದಕ್ಕೆ ಕಚ್ಚಾ ಟಾಕಿ ಹಾಕಿಟ್ಟಿದ್ದೇನೆ.

ಶಾಂತಾನ ಅಪ್ಪ